ಮುಚ್ಚಳಿಕೆಯ ಮೂರನೆಯ ಕಲಮು

ಪಿಯುಸಿ ಫಲಿತಾಂಶ ಬಂದ ಮೇಲೆ ಕಳ್ಳಕವಟಗಿ, ತಿಕೋಟಾ, ಬಬಲೇಶ್ವರದ ಕಡೆಯ ಮನೆಗಳಲ್ಲಿ ಒಂದೇ ಚರ್ಚೆ. ಮಗನನ್ನೋ ಮಗಳನ್ನೋ ವಿಜಯಪುರದಲ್ಲೇ ಓದಿಸಬೇಕೋ, ಧಾರವಾಡಕ್ಕೆ ಕಳಿಸಬೇಕೋ, ಬೆಂಗಳೂರಿನ ಹಾಸ್ಟೆಲಿಗೆ ಸೇರಿಸಬೇಕೋ? ದ್ರಾಕ್ಷಿ ಕೈಹಿಡಿದ ವರ್ಷವಾದರೆ ಬೆಂಗಳೂರಿನ ಮಾತಿಗೆ ಬಲ ಬರುತ್ತದೆ. ಫೀ ಕಟ್ಟುವ ದಿನ ತಂದೆಯ ಮುಂದೆ ಹತ್ತಾರು ಕಾಗದಗಳು ಬರುತ್ತವೆ. ಗುಮಾಸ್ತರು ತೋರಿಸಿದಲ್ಲಿ ಸಹಿ ಹಾಕುವುದು ರೂಢಿ.

ಆ ಕಾಗದಗಳಲ್ಲಿ ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆಯೂ ಒಂದು. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2009ರಲ್ಲಿ ಮಾಡಿದ ನಿಯಮದಂತೆ ವಿದ್ಯಾರ್ಥಿಯೂ ಪೋಷಕರೂ ಇದನ್ನು ಕೊಡಲೇಬೇಕು. ಹಿಂದೆ ಬಾಂಡು ಕಾಗದದ ಮೇಲೆ ನೋಟರಿಯ ಮುಂದೆ ಕೊಡುತ್ತಿದ್ದರು. ಈಗ ಹೆಚ್ಚಾಗಿ ಕಂಪ್ಯೂಟರಿನ ಮೂಲಕ. ನಿಯಮದ ಮೂರನೆಯ ಕಲಮನ್ನು ಓದಿದ್ದೇನೆ, ರ‍್ಯಾಗಿಂಗ್ ಎಂದರೇನೆಂದು ತಿಳಿದಿದ್ದೇನೆ ಎಂದು ತಂದೆಯೂ ಮಗನೂ ಅದರಲ್ಲಿ ಹೇಳಿಕೊಂಡಿರುತ್ತಾರೆ. ನಿಜವಾಗಿ ಓದಿದವರು ಎಷ್ಟು ಮಂದಿ ಎಂಬುದು ಬೇರೆ ಮಾತು.

2016ರ ಜೂನ್‌ನಲ್ಲಿ ಯುಜಿಸಿ ಈ ಮೂರನೆಯ ಕಲಮಿಗೆ ಒಂದು ಹೊಸ ಉಪಕಲಮು ಸೇರಿಸಿತು. ಮೈಬಣ್ಣ, ಧರ್ಮ, ಜಾತಿ, ಭಾಷೆ, ಹುಟ್ಟಿದ ಊರು, ಮನೆಯ ಆರ್ಥಿಕ ಸ್ಥಿತಿ ಮೊದಲಾದ ಕಾರಣಗಳಿಗಾಗಿ ಸಹಪಾಠಿಯನ್ನು ಹಿಂಸಿಸುವುದು, ಗುಂಪಿನಿಂದ ಹೊರಗಿಡುವುದು ರ‍್ಯಾಗಿಂಗ್ ಎನಿಸುತ್ತದೆ ಎಂದು ಅದು ಹೇಳುತ್ತದೆ. ಅದೇ ಪಟ್ಟಿಯಲ್ಲಿ ಇನ್ನೆರಡು ಕಾರಣಗಳಿವೆ: ತೃತೀಯ ಲಿಂಗಿಯಾಗಿರುವುದು ಮತ್ತು ಲೈಂಗಿಕ ಒಲವು. ಅಂದರೆ ನಡಿಗೆ ಹೆಣ್ಣಿನಂತಿದೆ ಎಂದು ಒಬ್ಬ ಹುಡುಗನನ್ನು ಮೆಸ್ಸಿನಲ್ಲಿ ಅಣಕಿಸುವುದು, ಇಬ್ಬರು ಹುಡುಗಿಯರ ಸ್ನೇಹವನ್ನು ಹಾಸ್ಟೆಲಿನ ಗೋಡೆಯ ಮೇಲೆ ಬರೆಯುವುದು ತಮಾಷೆಯಲ್ಲ, ಶಿಕ್ಷೆಗೆ ಅರ್ಹವಾದ ತಪ್ಪು. ಈ ನಿಯಮ ಸರಕಾರಿ ಕಾಲೇಜಿಗೂ ಮಠದ ಕಾಲೇಜಿಗೂ ಚರ್ಚಿನ ಕಾಲೇಜಿಗೂ ಒಂದೇ.

ಚರ್ಚಿನ ಕಾಲೇಜಿನ ಮಾತು ವಿಶೇಷವಾಗಿ ಬರುವುದಕ್ಕೆ ಕಾರಣವಿದೆ. ಕನ್ನಡ ನಾಡಿನ ಆಧುನಿಕ ಶಿಕ್ಷಣದ ಬೇರುಗಳಲ್ಲಿ ಒಂದು ಮಿಶನರಿಗಳದು. ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೆ ಬಂತು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 1880ರದು, ಬೆಂಗಳೂರಿನ ಸಂತ ಜೋಸೆಫರ ಸಂಸ್ಥೆ 1882ರದು. ಇಂಥ ಸಂಸ್ಥೆಗಳಲ್ಲಿ ಓದಿದವರಲ್ಲಿ, ಓದುತ್ತಿರುವವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ಆದ್ದರಿಂದ ಸಲಿಂಗಿಗಳ ಬಗ್ಗೆ, ಲಿಂಗತ್ವ ಅಲ್ಪಸಂಖ್ಯಾತರ ಬಗ್ಗೆ ಚರ್ಚು ಏನು ಯೋಚಿಸುತ್ತದೆ ಎಂಬುದು ಕ್ರೈಸ್ತರ ಮನೆಯೊಳಗಿನ ವಿಷಯವಾಗಿ ಮಾತ್ರ ಉಳಿಯುವುದಿಲ್ಲ.

ಮೊದಲು ವಿಜ್ಞಾನ ಹೇಳುವುದನ್ನು ಚುಟುಕಾಗಿ ನೋಡಬಹುದು, ಏಕೆಂದರೆ ಅಲ್ಲಿ ಗೊಂದಲ ಕಡಿಮೆ. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ ಸಲಿಂಗ ಒಲವನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದು ಅದೇ ನಿರ್ಧಾರಕ್ಕೆ ಬಂತು. ಭಾರತೀಯ ಮನೋವೈದ್ಯರ ಸಂಘವೂ ಇದು ರೋಗವಲ್ಲ ಎಂದು 2018ರಲ್ಲಿ ಸ್ಪಷ್ಟವಾಗಿ ಹೇಳಿತು. ಇದಕ್ಕೆ ಕಾರಣವಾದ ಒಂದೇ ಒಂದು ವಂಶವಾಹಿ ಇದೆಯೇ ಎಂದು ಹುಡುಕಿದವರೂ ಇದ್ದಾರೆ. ಸುಮಾರು 4 ಲಕ್ಷ 77 ಸಾವಿರ ಜನರ ಮಾಹಿತಿಯನ್ನು ಜಾಲಾಡಿ 2019ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಅಂಥ ಒಂಟಿ ವಂಶವಾಹಿ ಸಿಗಲಿಲ್ಲ. ಚಿಕ್ಕ ಚಿಕ್ಕ ಪ್ರಭಾವವುಳ್ಳ ಅನೇಕ ವಂಶವಾಹಿಗಳು, ಅವುಗಳ ಜೊತೆಗೆ ಬೇರೆ ಅಂಶಗಳು ಸೇರಿ ಕೆಲಸ ಮಾಡುತ್ತವೆ ಎಂದು ತಿಳಿದುಬಂತು. ಎತ್ತರ, ಎಡಗೈ ಬಳಕೆಯಂಥ ಗುಣಗಳ ಕತೆಯೂ ಸುಮಾರಾಗಿ ಹೀಗೆಯೇ. ಪ್ರಕೃತಿಗೆ ವಿರುದ್ಧ ಎಂಬ ವಾದಕ್ಕೆ ಪ್ರಕೃತಿಯೇ ಉತ್ತರ ಹೇಳುತ್ತದೆ. ಹವಾಯಿಯ ಓಆಹು ದ್ವೀಪದಲ್ಲಿ ಲೇಸನ್ ಆಲ್ಬಟ್ರಾಸ್ ಎಂಬ ಕಡಲಹಕ್ಕಿಗಳ ಗೂಡುಗಳನ್ನು ಪರೀಕ್ಷಿಸಿದಾಗ ಶೇ 31ರಷ್ಟು ಜೋಡಿಗಳಲ್ಲಿ ಎರಡೂ ಹೆಣ್ಣು ಹಕ್ಕಿಗಳೇ ಇದ್ದವು.

ಆದರೆ ಆಲ್ಬಟ್ರಾಸ್ ಹಕ್ಕಿ ಚರ್ಚಿಗೆ ಹೋಗುವುದಿಲ್ಲ. ಮನುಷ್ಯ ಹೋಗುತ್ತಾನೆ, ಅಲ್ಲಿ ಅವನಿಗೆ ಸತ್ಯವೇದದ ವಾಕ್ಯಗಳು ಎದುರಾಗುತ್ತವೆ.

ಸಲಿಂಗ ಸಂಬಂಧವನ್ನು ವಿರೋಧಿಸುವವರು ಹಳೆಯ ಒಡಂಬಡಿಕೆಯ ಯಾಜಕಕಾಂಡವನ್ನೂ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯನ್ನೂ ಮುಂದಿಡುತ್ತಾರೆ. ಸೊದೋಮ್ ಪಟ್ಟಣ ಸುಟ್ಟುಹೋದ ಕತೆಯನ್ನು ಹೇಳುತ್ತಾರೆ. ಎದುರು ಪಕ್ಷದವರು ಪ್ರವಾದಿ ಯೆಹೆಜ್ಕೇಲನ ಗ್ರಂಥದ ಹದಿನಾರನೆಯ ಅಧ್ಯಾಯ ತೆರೆಯುತ್ತಾರೆ. ಸೊದೋಮಿನ ದೋಷ ಯಾವುದೆಂದು ಅಲ್ಲಿ ಹೇಳುವಾಗ ಗರ್ವ, ಹೊಟ್ಟೆ ತುಂಬಿದವರ ನಿಶ್ಚಿಂತೆ, ಬಡವರಿಗೆ ಕೈನೀಡದೆ ಹೋದದ್ದು ಮುಂದೆ ಬರುತ್ತವೆ. ಇನ್ನೊಂದು ಪ್ರಸಂಗ ಹೆಚ್ಚು ಕುತೂಹಲದ್ದು. ಬೀಜ ಒಡೆಸಿಕೊಂಡವನು ದೇವರ ಸಭೆಗೆ ಸೇರಬಾರದು ಎಂದು ಧರ್ಮೋಪದೇಶಕಾಂಡದ ಇಪ್ಪತ್ತಮೂರನೆಯ ಅಧ್ಯಾಯ ಕಟ್ಟಪ್ಪಣೆ ಮಾಡುತ್ತದೆ. ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳ ಎಂಟನೆಯ ಅಧ್ಯಾಯದಲ್ಲಿ ಅಂಥವನೇ ಒಬ್ಬ, ಐಥಿಯೋಪ್ಯದ ಕಂಚುಕಿ, ರಥದಲ್ಲಿ ಕುಳಿತು ಯೆಶಾಯನ ಗ್ರಂಥ ಓದುತ್ತಾ ಬರುತ್ತಾನೆ. ನೀರು ಕಂಡೊಡನೆ, ತನ್ನ ದೀಕ್ಷಾಸ್ನಾನಕ್ಕೆ ಏನಾದರೂ ಅಡ್ಡಿಯುಂಟೇ ಎಂದು ಕೇಳುತ್ತಾನೆ. ಫಿಲಿಪ್ಪನಿಗೆ ಅಡ್ಡಿಯೇನೂ ಕಾಣುವುದಿಲ್ಲ. ಅಲ್ಲಿಯೇ ಸ್ನಾನ ಮಾಡಿಸುತ್ತಾನೆ. ಕಂಚುಕಿಯ ಪ್ರಸಂಗ ಬೇರೆ, ಸಲಿಂಗ ದಾಂಪತ್ಯದ ಪ್ರಶ್ನೆ ಬೇರೆ ಎಂದು ಸಂಪ್ರದಾಯಸ್ಥರು ಹೇಳುತ್ತಾರೆ. ಆ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆದರೂ ಬಾಗಿಲು ಮುಚ್ಚುವ ವಾಕ್ಯವೂ ತೆರೆಯುವ ವಾಕ್ಯವೂ ಒಂದೇ ಗ್ರಂಥದಲ್ಲಿವೆ ಎಂಬುದನ್ನು ಅಲ್ಲಗಳೆಯಲಾಗದು.

ಈ ವಾದ ಚರ್ಚಿನಿಂದ ಕಾನೂನಿಗೂ ಹರಿದದ್ದು ಹಳೆಯ ಕತೆ. ಚರ್ಚಿನ ನ್ಯಾಯಾಲಯಗಳ ವ್ಯಾಪ್ತಿಯಲ್ಲಿದ್ದ ಈ ‘ಪಾಪ’ವನ್ನು ಇಂಗ್ಲೆಂಡಿನ ಎಂಟನೆಯ ಹೆನ್ರಿ 1533ರಲ್ಲಿ ರಾಜ್ಯದ ಅಪರಾಧವನ್ನಾಗಿ ಮಾಡಿದ. ಅದರ ನೆರಳು ಹಡಗೇರಿ ಬಂದು 1860ರ ಭಾರತೀಯ ದಂಡ ಸಂಹಿತೆಯ 377ನೆಯ ಕಲಮಾಯಿತು. ದೆಹಲಿ ಹೈಕೋರ್ಟು 2009ರ ಜುಲೈ 2ರಂದು ಆ ಕಲಮಿನ ಹಲ್ಲು ಕಿತ್ತಾಗ ಸುಪ್ರೀಂ ಕೋರ್ಟಿಗೆ ಓಡಿದವರಲ್ಲಿ ಕೆಲವು ಕ್ರೈಸ್ತ ಸಂಘಟನೆಗಳೂ ಇದ್ದವು. ಕೇರಳದ ಅಪೊಸ್ತಲಿಕ ಚರ್ಚುಗಳ ಒಕ್ಕೂಟ, ಒಡಿಶಾದ ಉತ್ಕಲ ಕ್ರೈಸ್ತ ಪರಿಷತ್ತು ಅವುಗಳಲ್ಲಿ ಸೇರಿದ್ದವು. ಹಿಂದೂ, ಮುಸ್ಲಿಂ ಮುಖಂಡರೂ ಅವರ ಜೊತೆಗಿದ್ದರು. ಬೇರೆ ವಿಷಯಗಳಲ್ಲಿ ಒಂದು ವೇದಿಕೆಗೆ ಬಾರದವರು ಇದೊಂದರಲ್ಲಿ ಹೆಗಲಿಗೆ ಹೆಗಲು ಕೊಟ್ಟದ್ದು ವಿಚಿತ್ರ. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಕಲಮನ್ನು ಮತ್ತೆ ಜೀವಂತಗೊಳಿಸಿದಾಗ ಎದುರು ದನಿಯೂ ಚರ್ಚಿನಿಂದಲೇ ಬಂತು. ಸಲಿಂಗಿಗಳನ್ನು ಅಪರಾಧಿಗಳೆಂದು ಕ್ಯಾಥೊಲಿಕ್ ಚರ್ಚು ಎಂದೂ ಪರಿಗಣಿಸಿಲ್ಲ ಎಂದು ಮುಂಬಯಿಯ ಕಾರ್ಡಿನಲ್ ಓಸ್ವಾಲ್ಡ್ ಗ್ರೇಶಿಯಸ್ ಹೇಳಿದರು. ಸಲಿಂಗ ವಿವಾಹವನ್ನು ಅವರು ಒಪ್ಪಲಿಲ್ಲ, ಜೈಲನ್ನೂ ಒಪ್ಪಲಿಲ್ಲ.

ಪ್ರಾಟೆಸ್ಟಂಟ್ ಹಾಗೂ ಆರ್ಥೊಡಾಕ್ಸ್ ಸಭೆಗಳ ಕೂಟವಾದ ಭಾರತ ರಾಷ್ಟ್ರೀಯ ಚರ್ಚುಗಳ ಪರಿಷತ್ತು ಬೇರೆ ದಾರಿಯಿಂದ ಇಲ್ಲಿಗೆ ಬಂತು. ನಾಗಪುರದಲ್ಲಿ ಕಚೇರಿಯುಳ್ಳ ಈ ಸಂಸ್ಥೆಗೆ ದಕ್ಷಿಣ ಭಾರತ ಸಭೆಯೂ (ಸಿಎಸ್‌ಐ) ಸದಸ್ಯ. ಪರಿಷತ್ತನ್ನು ಈ ವಿಷಯಕ್ಕೆ ಎಳೆತಂದದ್ದು ಯಾವ ಘೋಷಣೆಯೂ ಅಲ್ಲ, ಎಚ್‌ಐವಿ. ರೋಗಿಗಳ ಶುಶ್ರೂಷೆಗೆ ಹೋದ ಪಾದ್ರಿಗಳು, ಕಾರ್ಯಕರ್ತರು ಹಾಸಿಗೆಯ ಪಕ್ಕ ಕುಳಿತಾಗ ಮನೆಯಿಂದ ಹೊರಬಿದ್ದ ಹುಡುಗರ, ಹಿಜಡಾಗಳ ಬದುಕು ಕಿವಿಗೆ ಬಿತ್ತು. ವಿಜಯಪುರದ ಓದುಗರಿಗೆ ಇದು ದೂರದ ಸಂಗತಿಯೇನಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳು ಸೋಂಕು ಹೆಚ್ಚಿದ್ದ ಜಿಲ್ಲೆಗಳ ಪಟ್ಟಿಯಲ್ಲಿದ್ದವು. ಕೇಳಿಸಿಕೊಂಡದ್ದು ಮುಂದೆ ಚಿಂತನೆಯಾಯಿತು. ಲೈಂಗಿಕತೆ ಮತ್ತು ಲಿಂಗ ವೈವಿಧ್ಯದ ಬಗ್ಗೆ ದೇವಶಾಸ್ತ್ರದ ವಿದ್ಯಾರ್ಥಿಗಳಿಗಾಗಿ ಲೇಖನಗಳ ಸಂಕಲನವೊಂದು 2017ರಲ್ಲಿ ಬಂತು. ಸಂಪಾದಕರು ಪರಿಷತ್ತಿನ ಅಂದಿನ ಪ್ರಧಾನ ಕಾರ್ಯದರ್ಶಿ ರೋಜರ್ ಗಾಯಕವಾಡ ಮತ್ತು ಪಾದ್ರಿ ಥಾಮಸ್ ನಿನಾನ್. ಪರಿಷತ್ತು ಹೇಳಿದ್ದನ್ನೆಲ್ಲ ಊರೂರ ಸಭೆಗಳು ಒಪ್ಪಿಕೊಂಡಿವೆ ಎಂದು ಇದರ ಅರ್ಥವಲ್ಲ. ನಾಗಪುರದ ಕಾಗದ ಹಳ್ಳಿಯ ಪ್ರಸಂಗಪೀಠ ತಲುಪುವುದಕ್ಕೆ ಕಾಲ ಬೇಕು.

ಅಮೆರಿಕದಲ್ಲಿ ಇದೇ ಕೆಲಸ ಬಸ್ಸಿನಲ್ಲಿ ನಡೆಯಿತು. ಹೆಸರಾಂತ ಧರ್ಮಬೋಧಕರಿಗೆ ಅವರ ಹೆಸರಿನಲ್ಲೇ ಪುಸ್ತಕ ಬರೆದುಕೊಡುತ್ತಿದ್ದ ಮೆಲ್ ವೈಟ್ ಎಂಬವರು ತಾವೇ ಸಲಿಂಗಿ ಎಂದು ಹೇಳಿಕೊಂಡು 1998ರಲ್ಲಿ ಸೋಲ್‌ಫೋರ್ಸ್ ಎಂಬ ಸಂಸ್ಥೆ ಕಟ್ಟಿದರು. ಗಾಂಧೀಜಿ ಮತ್ತು ಮಾರ್ಟಿನ್ ಲೂಥರ್ ಕಿಂಗ್ ಅವರ ಅಹಿಂಸೆ ಅದರ ಮಾರ್ಗ. 2006ರಲ್ಲಿ ಅದರ ತರುಣ ತರುಣಿಯರು ಬಸ್ಸೇರಿ, ಸಲಿಂಗಿ ವಿದ್ಯಾರ್ಥಿಗಳನ್ನು ಹೊರಹಾಕುವ ನಿಯಮವಿದ್ದ ಕ್ರೈಸ್ತ ಕಾಲೇಜುಗಳಿಗೆ ಒಂದೊಂದಾಗಿ ಹೋದರು. ಮಾತಾಡೋಣ ಬನ್ನಿ ಎಂಬುದಷ್ಟೇ ಅವರ ಕೋರಿಕೆ. ಲಿಬರ್ಟಿ ವಿಶ್ವವಿದ್ಯಾಲಯದಲ್ಲಿ ಆವರಣಕ್ಕೆ ಕಾಲಿಟ್ಟವರ ಬಂಧನವಾಯಿತು. ಇನ್ನು ಕೆಲವು ಕಾಲೇಜುಗಳು ಒಳಗೆ ಕರೆದು ಕೂರಿಸಿ ಮಾತಾಡಿಸಿದವು. ಬಸ್ಸು ತಿರುಗಿ ಹೋದ ಮೇಲೂ ಅದೇ ಕಾಲೇಜಿನಲ್ಲಿ ಉಳಿದುಕೊಳ್ಳಬೇಕಾದ ವಿದ್ಯಾರ್ಥಿಯ ಪಾಡು ಮಾತ್ರ ಬಸ್ಸಿನವರ ಕೈಯಲ್ಲಿರಲಿಲ್ಲ. ಹೊರಗಿನಿಂದ ಬಾಗಿಲು ತಟ್ಟುವುದಕ್ಕೂ ಒಳಗಿದ್ದವರು ಚಿಲಕ ತೆಗೆಯುವುದಕ್ಕೂ ವ್ಯತ್ಯಾಸವಿದೆ.

ನಮ್ಮ ಆವರಣಗಳಲ್ಲಿ ಚಿಲಕ ತೆಗೆದವರು ಹೆಚ್ಚಾಗಿ ವಿದ್ಯಾರ್ಥಿಗಳೇ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 1997ರಷ್ಟು ಹಿಂದೆಯೇ ಸಲಿಂಗಿಗಳ ಹಕ್ಕುಗಳ ಬಗ್ಗೆ ವಿಚಾರಸಂಕಿರಣ ನಡೆದಿತ್ತು. 2015ರಲ್ಲಿ ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬರ ಕೋರಿಕೆಯಂತೆ ಪದವಿ ಪತ್ರದಲ್ಲಿ ಹೆಸರಿನ ಹಿಂದೆ ಗಂಡೂ ಅಲ್ಲದ ಹೆಣ್ಣೂ ಅಲ್ಲದ ‘ಮಿಕ್ಸ್’ ಎಂಬ ಗೌರವಸೂಚಕ ಬಂತು. 2018ರ ಮೇ ತಿಂಗಳಲ್ಲಿ ಐಐಟಿಗಳ ಇಪ್ಪತ್ತು ಮಂದಿ ವಿದ್ಯಾರ್ಥಿಗಳು ಮತ್ತು ಹಳೆಯ ವಿದ್ಯಾರ್ಥಿಗಳು 377ರ ವಿರುದ್ಧ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಅದೇ ವರ್ಷ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರ ಸಮ್ಮತಿಯ ಖಾಸಗಿ ಸಂಬಂಧ ಅಪರಾಧವಲ್ಲವೆಂದು ಒಮ್ಮತದಿಂದ ಹೇಳಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ. ಆದರೆ ಸಲಿಂಗ ವಿವಾಹವನ್ನು ಮೂಲಭೂತ ಹಕ್ಕೆಂದು ಒಪ್ಪಲು 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ನಿರಾಕರಿಸಿತು. ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 0.5ರಷ್ಟು ತಾತ್ಕಾಲಿಕ ಮೀಸಲಾತಿ ಕೊಡಬೇಕೆಂದು ಬೆಂಗಳೂರಿನ ಕಾನೂನು ಶಾಲೆಗೆ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ 2024ರ ಡಿಸೆಂಬರ್‌ನಲ್ಲಿ ಆದೇಶಿಸಿತು. ಸಂಸ್ಥೆ ಮೇಲ್ಮನವಿ ಹೋಯಿತು.

ಇದೆಲ್ಲ ಪಟ್ಟಣದ ಹುಚ್ಚು, ನಮ್ಮ ಕಡೆ ಇಲ್ಲದ್ದು ಎಂದು ಯಾರಾದರೂ ಅಂದರೆ ಅವರು ಸವದತ್ತಿ ಎಲ್ಲಮ್ಮನ ಗುಡ್ಡ ಹತ್ತಿಲ್ಲವೆಂದೇ ತಿಳಿಯಬೇಕು. ಸೀರೆಯುಟ್ಟು ಕೊಡ ಹೊತ್ತ ಜೋಗಪ್ಪನಿಗೆ ಉತ್ತರ ಕರ್ನಾಟಕದ ಮನೆಗಳ ಅಂಗಳದಲ್ಲಿ ಜೋಳ ನೀಡಿ ಕೈಮುಗಿದ ಅಜ್ಜಿಯರಿದ್ದಾರೆ. ಜೋಗತಿ ನೃತ್ಯದ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಆದರೆ ಅಂಗಳದಲ್ಲಿ ಕೈಮುಗಿಸಿಕೊಳ್ಳುವ ಜೋಗಪ್ಪ ಅದೇ ಮನೆಯ ಮಗನಾದರೆ? ಅಲ್ಲಿ ಕೈಮುಗಿಯುವುದು ನಿಂತು ಹೊಡೆತ ಶುರುವಾಗುವುದೇ ಹೆಚ್ಚು. ಎಲ್ಲಮ್ಮನ ಭಕ್ತರ ಮನೆಯಾಗಲಿ, ಭಾನುವಾರ ತಪ್ಪದೆ ಆರಾಧನೆಗೆ ಹೋಗುವವರ ಮನೆಯಾಗಲಿ, ಈ ವಿಷಯದಲ್ಲಿ ಭೇದವಿಲ್ಲ.

ಹೊಡೆತದ ನಂತರ ಬರುವುದು ‘ಚಿಕಿತ್ಸೆ’. ಕೆಲವರು ದೆವ್ವ ಬಿಡಿಸುವವರಲ್ಲಿಗೆ, ಕೆಲವರು ಉಪವಾಸ ಪ್ರಾರ್ಥನೆಗೆ, ಇನ್ನು ಕೆಲವರು ಮಾತ್ರೆ ಕೊಡುವ ವೈದ್ಯರಲ್ಲಿಗೆ ಮಗನನ್ನು ಎಳೆದೊಯ್ಯುತ್ತಾರೆ. ಮದುವೆ ಮಾಡಿದರೆ ಸರಿಹೋಗುತ್ತದೆ ಎನ್ನುವವರೂ ಇದ್ದಾರೆ. ಆಗ ಹಾಳಾಗುವುದು ಎರಡು ಬದುಕು. ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ ವೆಂಕಟೇಶ್ 2021ರ ಜೂನ್‌ನಲ್ಲಿ ಕೊಟ್ಟ ಆದೇಶದ ಬೆನ್ನಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗವು ಒಲವನ್ನು ಬದಲಿಸುವ ‘ಚಿಕಿತ್ಸೆ’ ವೈದ್ಯರ ವೃತ್ತಿದ್ರೋಹವೆಂದು 2022ರಲ್ಲಿ ಘೋಷಿಸಿತು. ಅಂಥ ಚಿಕಿತ್ಸೆಗೆ ಹಣ ಕೇಳುವ ವೈದ್ಯರ ಮೇಲೆ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು.

ಸುಪ್ರೀಂ ಕೋರ್ಟಿನ ಮೊದಲ ಸುತ್ತಿನಲ್ಲಿ, 2013ರ ತೀರ್ಪಿಗೂ ಮುಂಚೆ, ಮಿನ್ನಾ ಸರಣ್ ಎಂಬ ತಾಯಿ ಮತ್ತು ಅವರಂಥ ಹಲವು ತಂದೆತಾಯಂದಿರು ತಮ್ಮ ಸಲಿಂಗಿ ಮಕ್ಕಳ ಪರವಾಗಿ ಅರ್ಜಿ ಹಾಕಿದ್ದರು. ಈ ಕಾನೂನು ಮಕ್ಕಳನ್ನಷ್ಟೇ ಅಲ್ಲ, ಮನೆಯನ್ನೇ ಭಯದಲ್ಲಿಟ್ಟಿದೆ ಎಂಬುದು ಅವರ ಅಳಲು. ಅಂದು ಅವರು ಸೋತರು. ಐದು ವರ್ಷಗಳ ಮೇಲೆ ಅವರ ಮಾತು ಗೆದ್ದಿತು. ದೊಡ್ಡ ವಕೀಲರ ವಾದಗಳ ನಡುವೆ ಈ ಅರ್ಜಿ ಹೆಚ್ಚು ಸುದ್ದಿಯಾಗಲಿಲ್ಲ, ಆಗಬೇಕಿತ್ತು.

ಹಾಸ್ಟೆಲಿನಿಂದ ಮಗ ಅಥವಾ ಮಗಳು ಇದ್ದಕ್ಕಿದ್ದಂತೆ ಊರಿಗೆ ಬಂದು ಮತ್ತೆ ಹೋಗುವುದಿಲ್ಲ ಎಂದು ಹಟ ಹಿಡಿದರೆ ಫೀ ವ್ಯರ್ಥವಾಯಿತೆಂದು ಬೈಯುವ ಮೊದಲು ಕಾರಣ ಕೇಳಬೇಕು. ಹೇಳಲು ಬಾಯಿ ಬಾರದಿದ್ದರೆ ಕಾಯಬೇಕು. ರ‍್ಯಾಗಿಂಗ್ ನಡೆದಿದ್ದರೆ ಯುಜಿಸಿಯ ಉಚಿತ ಸಹಾಯವಾಣಿ 1800-180-5522. ಮನಸ್ಸಿನ ದುಗುಡಕ್ಕೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಇದೆ. ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು. ಅದಕ್ಕೆ ಮಕ್ಕಳು ಮಾತ್ರವಲ್ಲ, ಏನು ಮಾಡಬೇಕೆಂದು ತೋಚದ ತಂದೆತಾಯಿಯೂ ಫೋನ್ ಮಾಡಬಹುದು.