ದೇಶಾಟನವೂ ವಿದ್ಯೆಯೂ

ಕಾಲೇಜಿನಲ್ಲಿ ಓದುವ ಮಕ್ಕಳುಳ್ಳ ಮನೆಗಳಲ್ಲಿ ಒಂದು ಪ್ರಶ್ನೆಯು ಮೇಲಿಂದ ಮೇಲೆ ಏಳುತ್ತಿರುವುದು. ಶನಿವಾರ ರವಿವಾರಗಳ ಬಿಡುವಿನಲ್ಲಿ ನಾಲ್ಕಾರು ಮಂದಿ ಗೆಳೆಯರು ಕೂಡಿ ರೈಲಿನಲ್ಲಿ ಹೋಗಿ ಯಾವುದಾದರೊಂದು ಪುರಾತನ ನಗರವನ್ನು ನೋಡಿ ಬರುವೆವೆಂದು ಮಗನು ಕೇಳಿದರೆ ತಂದೆಯು ಹಣವನ್ನೆಣಿಸಿ ಕೊಡುವನು. ಅದನ್ನೇ ಮಗಳು ಕೇಳಿದರೆ ಮನೆಯೆಲ್ಲ ಮೌನವಾಗುವುದು. “ಲಗ್ನವಾದ ಮೇಲೆ ಗಂಡನೊಡನೆ ನೋಡುವೆಯಂತೆ” ಎಂಬುದು ತಾಯಿಯು ಹೇಳುವ ಸಮಾಧಾನ. ಈ ಸಮಾಧಾನವು ಯುಕ್ತವೇ ಎಂಬುದನ್ನು ಈ ತಿಂಗಳು ವಾಚಕರೊಡನೆ ವಿಚಾರಿಸಬೇಕೆಂದಿದ್ದೇವೆ.

ಪಶ್ಚಿಮದವರು ಈ ವಿಷಯದಲ್ಲಿ ನಡೆದ ದಾರಿಯನ್ನು ಮೊದಲು ನೋಡೋಣ. ಯುರೋಪ ಖಂಡದಲ್ಲಿ 1972ರಲ್ಲಿ ಇಂಟರ್‌ರೈಲ್ ಎಂಬ ಟಿಕೀಟು ಹೊರಟಿತು. 21 ವರ್ಷದವರೆಗಿನ ತರುಣ ತರುಣಿಯರು ಆ ಒಂದು ಟಿಕೀಟಿನಿಂದ ಒಂದು ತಿಂಗಳ ಪರ್ಯಂತ 21 ದೇಶಗಳಲ್ಲಿ ಸಂಚರಿಸಬಹುದಾಗಿತ್ತು. 2018ರಿಂದೀಚೆಗೆ ಯುರೋಪಿನ ಒಕ್ಕೂಟವು 18 ವರ್ಷದ ತರುಣರಲ್ಲಿ ಆಯ್ದವರಿಗೆ ಇಂಥ ಟಿಕೀಟನ್ನು ಉಚಿತವಾಗಿಯೇ ಕೊಡುತ್ತ ಬಂದಿದೆ. ಅಲ್ಲಿ ಓದಲು ಹೋದ ನಮ್ಮ ಕನ್ನಡದ ಮಕ್ಕಳೂ ಶುಕ್ರವಾರ ಸಂಜೆ ಗಾಡಿಯನ್ನು ಹತ್ತಿ ಪ್ರಾಗ, ವಿಯೆನ್ನಾ ಮುಂತಾದ ನಗರಗಳನ್ನು ನೋಡಿ ಸೋಮವಾರ ಪಾಠಕ್ಕೆ ಹಾಜರಾಗುವರು. ಅವರು ಕಳಿಸಿದ ಚಿತ್ರಗಳನ್ನು ನೆರೆಹೊರೆಯವರಿಗೆ ತೋರಿಸಿ ಹಿಗ್ಗುವ ತಾಯಿತಂದೆಗಳೇ, ಹುಬ್ಬಳ್ಳಿಯಲ್ಲಿ ಓದುವ ಕಿರಿಯ ಮಗಳು ಗೆಳತಿಯರೊಡನೆ ಬಾದಾಮಿಗೆ ಹೋಗುವೆನೆಂದರೆ ಅಂಜುವುದು ವಿಚಿತ್ರವಲ್ಲವೇ?

ದೇಶಾಟನವನ್ನು ನಮ್ಮ ಪೂರ್ವಿಕರು ವಿದ್ಯಾಸಾಧನಗಳಲ್ಲಿ ಒಂದೆಂದು ಎಣಿಸಿದ್ದರು. ಅವರಿಗಿಲ್ಲದ ಅನುಕೂಲವು ನಮಗಿದೆ. ಸದರ್ನ್ ಮರಾಠಾ ರೈಲ್ವೆಯವರು 1884ರಲ್ಲಿ ಹೊಟಗಿಯಿಂದ ಗದಗಿನವರೆಗೆ ಮೀಟರ್ ಗೇಜ್ ಹಳಿಯನ್ನು ಹಾಕಿದರು. 2008ರ ಹೊತ್ತಿಗೆ ಅದು ಬ್ರಾಡ್ ಗೇಜ್ ಆಯಿತು. ಹುಬ್ಬಳ್ಳಿಯಿಂದ ಗದಗಿನ ಮೇಲೆ ಬಾದಾಮಿಗೆ ಎರಡು ಮೂರು ಗಂಟೆಗಳ ದಾರಿ. ಅದೇ ಹಳಿಯ ಮೇಲೆ ಮುಂದೆ ಬಾಗಲಕೋಟೆ, ಆಲಮಟ್ಟಿ, ವಿಜಯಪುರಗಳಿವೆ. ರೈಲು ನಿಲ್ದಾಣದಿಂದ ಬಾದಾಮಿ ಊರು ಸುಮಾರು 5 ಕಿಲೋಮೀಟರು ದೂರ.

ಪ್ರಯಾಣಿಕರು ಮೊದಲು ತಿಳಿಯತಕ್ಕ ಮಾತೆಂದರೆ ಅವಸರವು ಸಲ್ಲದು. ಬೆಳಗಿನಲ್ಲಿ ಬಾದಾಮಿ, ಮಧ್ಯಾಹ್ನ ಐಹೊಳೆ, ಸಂಜೆಗೆ ಗೋಳಗುಮ್ಮಟವೆಂದು ಓಡುವವರು ಎಲ್ಲವನ್ನೂ ಮುಟ್ಟುವರು, ಒಂದನ್ನೂ ಕಾಣರು. ಒಂದು ದಿನವನ್ನು ಪೂರ್ತಿಯಾಗಿ ಬಾದಾಮಿಗೆ ಕೊಡಬೇಕು. ಇದು ಚಾಲುಕ್ಯರ ವಾತಾಪಿ. ಒಂದನೆಯ ಪುಲಕೇಶಿಯು ಇಲ್ಲಿಯ ಬೆಟ್ಟವನ್ನು ದುರ್ಗವಾಗಿ ಮಾಡಿದ ಶಾಸನವು ಶಕ 465ರದು, ಎಂದರೆ ಕ್ರಿ.ಶ. 543. ಮೊದಲನೆಯ ಗುಹೆಯ ಹದಿನೆಂಟು ಕೈಗಳ ನಟರಾಜ, ಎರಡನೆಯದರ ತ್ರಿವಿಕ್ರಮ, ಶಕ 500ರಲ್ಲಿ ಮಂಗಲೇಶನು ಮಾಡಿಸಿದ ಮೂರನೆಯ ದೊಡ್ಡ ವೈಷ್ಣವ ಗುಹೆ, ನಾಲ್ಕನೆಯ ಜೈನ ಗುಹೆ, ಕೆಳಗೆ ಅಗಸ್ತ್ಯತೀರ್ಥ, ಅದರ ದಂಡೆಯ ಮೇಲೆ ಭೂತನಾಥನ ಗುಡಿ, ಇವಿಷ್ಟನ್ನು ಸಾವಕಾಶವಾಗಿ ನೋಡುವುದರಲ್ಲಿಯೇ ಸೂರ್ಯನು ಇಳಿಯುವನು.

ಮೂರನೆಯ ಗುಹೆಯ ಬಳಿ ಬಂಡೆಯ ಮೇಲೆ ಮಂಗಲೇಶನದೇ ಒಂದು ಚಿಕ್ಕ ಕನ್ನಡ ಶಾಸನವುಂಟು. ದೇವರಿಗೆ ಹೂಮಾಲೆಯನ್ನು ಒದಗಿಸುವ ಮಾಲೆಗಾರರಿಗಾಗಿ ಒಂದು ಗ್ರಾಮವನ್ನು ಕೊಟ್ಟ ವಿಷಯ ಅದರಲ್ಲಿದೆ. ಗುಹಾಲಯಕ್ಕೆ ಅಲ್ಲಿ ‘ಕಲ್ಮನೆ’ ಎಂದು ಹೆಸರು. ಕೆಲ ತಿಂಗಳ ಹಿಂದೆ ಧಾರವಾಡದ ಕಡೆಯಿಂದ ಬಂದ ನಾಲ್ವರು ವಿದ್ಯಾರ್ಥಿನಿಯರು ಆ ಬಂಡೆಯ ಮುಂದೆ ನಿಂತಿದ್ದರು. ಸಂಸ್ಕೃತವನ್ನೇ ಜೀವಮಾನವೆಲ್ಲ ಕಲಿಸಿದ ನಮಗೂ ಆ ಕನ್ನಡ ಶಬ್ದದ ಮೇಲೆ ಬಹಳ ಮಮತೆ. ಅದನ್ನು ಓದಿ ಅರ್ಥ ಹೇಳಿದೆವು. “ಅಜ್ಜಾರ, ಇದು ನಮ್ಮ ಮನಿ ಮಾತ ಐತಲ್ರಿ!” ಎಂದು ಅವರಲ್ಲೊಬ್ಬಳು ಉದ್ಗಾರ ತೆಗೆದು, ಆ ಅಕ್ಷರಗಳನ್ನು ವಹಿಯಲ್ಲಿ ಬರೆದುಕೊಳ್ಳುತ್ತ ಕುಳಿತಳು. ಮನೆಯವರನ್ನು ಬಿಟ್ಟು ಆಕೆ ಊರ ಹೊರಗೆ ಬಂದುದು ಅದೇ ಮೊದಲು. ಪರೀಕ್ಷೆ ಮುಗಿದ ಕೂಡಲೆ ಆಕೆಯ ಲಗ್ನವೂ ನಿಶ್ಚಯವಾಗಿತ್ತು. “ಇಷ್ಟಾದರೂ ನೋಡಿದೆನಲ್ಲ” ಎಂದು ಗೆಳತಿಗೆ ಹೇಳಿದ್ದು ನಮ್ಮ ಕಿವಿಗೆ ಬಿತ್ತು. ಪುಸ್ತಕದಲ್ಲಿ ಮಂಗಲೇಶನ ಹೆಸರನ್ನು ಕಂಠಪಾಠ ಮಾಡಿದವರು ಸಾವಿರ ಮಂದಿ ಇರಬಹುದು. ಸುಮಾರು ಹದಿನಾಲ್ಕುನೂರೈವತ್ತು ವರ್ಷಗಳ ಹಿಂದಿನ ಬರಹದಲ್ಲಿ ತನ್ನ ಮನೆಯ ಮಾತನ್ನು ಗುರುತಿಸಿದವಳಿಗೆ ಆದ ಲಾಭವೇ ಬೇರೆ.

ಎರಡನೆಯ ದಿನ ಪಟ್ಟದಕಲ್ಲು ಐಹೊಳೆಗಳಿಗೆ ಸಾಕು. ಐಹೊಳೆಯ ಮೇಗುತಿ ಬಸದಿಯಲ್ಲಿ ರವಿಕೀರ್ತಿಯು ರಚಿಸಿದ ಶಕ 556ರ ಸಂಸ್ಕೃತ ಶಾಸನವಿದೆ. ಕಾಳಿದಾಸ ಭಾರವಿಗಳ ಹೆಸರು ಅದರಲ್ಲಿ ಬಂದಿರುವುದರಿಂದ ಆ ಕವಿಗಳ ಕಾಲನಿರ್ಣಯಕ್ಕೆ ಅದು ಆಧಾರವಾಯಿತು. ಪಟ್ಟದಕಲ್ಲಿನಲ್ಲಿ ಉತ್ತರದ ರೇಖಾಶಿಖರವೂ ದಕ್ಷಿಣದ ದ್ರಾವಿಡ ವಿಮಾನವೂ ಒಂದೇ ಅಂಗಳದಲ್ಲಿ ನಿಂತಿವೆ. 1987ರಲ್ಲಿ ಯುನೆಸ್ಕೊ ಸಂಸ್ಥೆಯು ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದುದರ ನೆನಪಿಗೆ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದವಳು ಅವನ ರಾಣಿ ಲೋಕಮಹಾದೇವಿ. ಪಕ್ಕದ ಮಲ್ಲಿಕಾರ್ಜುನ ದೇವಾಲಯವು ಆಕೆಯ ತಂಗಿಯೂ ಸವತಿಯೂ ಆದ ತ್ರೈಲೋಕ್ಯಮಹಾದೇವಿಯದು. ಗೆದ್ದ ಆ ಅರಸನು ಕಂಚಿಯ ದೇವಾಲಯದ ಸಂಪತ್ತನ್ನು ಸುಲಿಯದೆ ಹಿಂದಕ್ಕೆ ಕೊಟ್ಟನೆಂದು ಅಲ್ಲಿಯ ಕೈಲಾಸನಾಥನ ಗುಡಿಯಲ್ಲಿಯೇ ಕನ್ನಡದಲ್ಲಿ ಕೊರೆಯಲಾಗಿದೆ. ಹೆಣ್ಣುಮಕ್ಕಳು ಕಟ್ಟಿಸಿದ ಗುಡಿಗಳನ್ನು ನೋಡಲು ಹೆಣ್ಣುಮಕ್ಕಳಿಗೆ ಅಪ್ಪಣೆಯಿಲ್ಲವೆಂಬ ನ್ಯಾಯವನ್ನು ನಾವು ಯಾವ ಶಾಸ್ತ್ರದಲ್ಲಿಯೂ ಓದಿಲ್ಲ.

ತಾಯಂದಿರ ಭಯವು ನಿರಾಧಾರವೆಂದು ನಾವು ಹೇಳುವುದಿಲ್ಲ. ಆದರೆ ಭಯಕ್ಕೆ ಮದ್ದು ನಿಷೇಧವಲ್ಲ, ಸಿದ್ಧತೆ. ಒಂಟಿಯಾಗಿ ಹೋಗದೆ ನಾಲ್ವರು ಕೂಡಿ ಹೋಗಲಿ. ಗಾಡಿಯ ವೇಳೆ, ಇಳಿದುಕೊಳ್ಳುವ ಸ್ಥಳ, ಮರಳುವ ಹೊತ್ತು ಮನೆಯಲ್ಲಿ ತಿಳಿದಿರಲಿ. ಕತ್ತಲಾಗುವ ಮುಂಚೆ ಬೆಟ್ಟವನ್ನಿಳಿಯಲಿ. ಬುತ್ತಿಗೆ ಜೋಳದ ರೊಟ್ಟಿ, ಶೇಂಗಾಚಟ್ನಿಗಳಿದ್ದರೆ ಸಾಕು. ಆದರೆ ಗುಹೆಯ ಮಂಗಗಳ ಕಣ್ಣಿಗೆ ಅದು ಬೀಳಬಾರದು. ಬನಶಂಕರಿಯ ಗುಡಿಯ ಬಳಿ ಬುಟ್ಟಿಯಲ್ಲಿ ರೊಟ್ಟಿ ಮೊಸರು ತಂದು ಬಡಿಸುವ ಅಕ್ಕಂದಿರ ಕೈಯ ಊಟವನ್ನೂ ಒಮ್ಮೆ ಉಂಡು ಬರಲಿ. ಇದೇ ನಿಯಮಗಳು ಗಂಡುಮಕ್ಕಳಿಗೂ ಇರಲಿ.

ಗಂಡುಮಕ್ಕಳಿಗೆ ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕೆಲವು ತರುಣರು ತಮ್ಮ ಹೆಸರನ್ನೂ ಪ್ರೇಯಸಿಯ ಹೆಸರನ್ನೂ ಮೊಳೆಯಿಂದ ಕೆಂಗಲ್ಲಿನ ಗೋಡೆಯ ಮೇಲೆ ಗೀಚಿ ಹೋಗುವರು. ಮೆತ್ತನೆಯ ಮರಳುಗಲ್ಲಾದುದರಿಂದಲೇ ಶಿಲ್ಪಿಯ ಉಳಿಗೆ ಅದು ಒಲಿಯಿತು. ಆದುದರಿಂದಲೇ ಪುಂಡನ ಮೊಳೆಗೂ ಬಾಗುವುದು. 1958ರ ಪುರಾತನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಇದಕ್ಕೆ ಎರಡು ವರ್ಷದವರೆಗೆ ಸೆರೆಮನೆ, ಇಲ್ಲವೆ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ ಉಂಟು. ಮಕ್ಕಳನ್ನು ಕಳಿಸುವಾಗ ಹಣದೊಡನೆ ಈ ಎಚ್ಚರಿಕೆಯನ್ನೂ ಕಟ್ಟಿಕೊಡುವುದು ತಂದೆಯ ಕರ್ತವ್ಯ.

ಮರಳಿ ಬಂದ ಮಕ್ಕಳನ್ನು “ಎಷ್ಟು ಖರ್ಚಾಯಿತು?” ಎಂದು ಮೊದಲು ಕೇಳಬೇಡಿರಿ. “ಏನು ನೋಡಿದಿರಿ?” ಎಂದು ಕೇಳಿರಿ. ರಾತ್ರಿಯ ಊಟದ ಹೊತ್ತಿಗೆ ಮಗಳು ಹೇಳುತ್ತ, ಮನೆಮಂದಿಯೆಲ್ಲ ಕೇಳುತ್ತ ಕುಳಿತರೆ ಒಬ್ಬಳ ಪ್ರಯಾಣದಿಂದ ಮನೆಗೆ ಮನೆಯೇ ಪ್ರಯಾಣ ಮಾಡಿದಂತಾಗುವುದು. ಲಗ್ನವಾದ ಮೇಲೆ ಗಂಡನೊಡನೆ ಆಕೆ ಧಾರಾಳವಾಗಿ ಬರಲಿ. ಆಗ ಅವನಿಗೆ ತೋರಿಸುವವಳು ಅವಳಾಗಿರಲಿ.