ಸ್ವಂತ ತಂಡದವನ ಕೆನ್ನೆಗೇ ಏಟು

ಎದುರಾಳಿಯ ಕಾಲಿಗೆ ಒದೆಯುವುದು, ಅಂಗಿ ಹಿಡಿದು ಎಳೆಯುವುದು, ಎದೆಗೆ ಎದೆ ಕೊಟ್ಟು ನಿಲ್ಲುವುದು, ಇವೆಲ್ಲ ಫುಟ್‌ಬಾಲ್ ನೋಡುವವರಿಗೆ ಹೊಸದಲ್ಲ. ಆದರೆ ಒಂದೇ ಬಣ್ಣದ ಅಂಗಿ ತೊಟ್ಟ ಇಬ್ಬರು, ಸಾವಿರಾರು ಜನರ ಕಣ್ಣೆದುರಿಗೇ ಕೈ ಕೈ ಮಿಲಾಯಿಸಿದರೆ? 2025ರ ನವೆಂಬರ್ 24ರಂದು ಇಂಗ್ಲೆಂಡಿನ ಓಲ್ಡ್ ಟ್ರ್ಯಾಫರ್ಡ್ ಮೈದಾನದಲ್ಲಿ ನಡೆದದ್ದು ಇದೇ. ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಆಡುತ್ತಿದ್ದ ಎವರ್ಟನ್ ತಂಡದ ಇದ್ರೀಸಾ ಗೆಯೆ ತನ್ನದೇ ತಂಡದ ರಕ್ಷಣಾ ಆಟಗಾರ ಮೈಕಲ್ ಕೀನ್ ಜೊತೆ ವಾದಕ್ಕಿಳಿದ. ಚೆಂಡು ಬಿಟ್ಟುಕೊಟ್ಟದ್ದು ಯಾರ ತಪ್ಪು ಎಂಬ ಮಾತು. ಕೀನ್ ತಳ್ಳಿದ, ಗೆಯೆ ಕೆನ್ನೆಗೆ ಬಾರಿಸಿದ. ಆಟ ಆರಂಭವಾಗಿ ಆಗಿನ್ನೂ 13ನೇ ನಿಮಿಷ. ರೆಫರಿ ಕೆಂಪು ಕಾರ್ಡು ತೋರಿಸಿದರು.

ಆರೋಗ್ಯದ ಅಂಕಣದಲ್ಲಿ ಡಾಕ್ಟರರಿಗೆ ಇದರ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಆ ದಿನ ಎವರ್ಟನ್ ಹತ್ತೇ ಜನರೊಂದಿಗೆ ಆಡಿ 1-0ರಿಂದ ಗೆದ್ದಿತು. ಗೆಯೆ ಕ್ಷಮೆ ಕೇಳಿದ, ಎಲ್ಲರೂ ನಕ್ಕು ಮರೆತರು. ತನ್ನ ಆಟಗಾರರಲ್ಲಿ ಅಷ್ಟು ಕಿಚ್ಚು ಇರುವುದು ತನಗೆ ಇಷ್ಟವೇ ಎಂಬ ಅರ್ಥದ ಮಾತನ್ನು ತಂಡದ ಮ್ಯಾನೇಜರೂ ಆಡಿದರು. ನನ್ನ ತಕರಾರು ಇರುವುದು ಅಲ್ಲಿಯೇ. ಟಿ.ವಿ. ಮುಂದೆ ಕುಳಿತ ನಮ್ಮ ಹುಡುಗರು ಈ ದೃಶ್ಯವನ್ನೂ ನೋಡುತ್ತಾರೆ, ಅದರ ಬೆನ್ನಿಗೇ ಬರುವ ಈ ಮೆಚ್ಚುಗೆಯನ್ನೂ ಕೇಳುತ್ತಾರೆ.

ಎವರ್ಟನ್ ಗೆದ್ದದ್ದು ಅಪರೂಪದ ಅದೃಷ್ಟ. ಇಂಥ ಹಿಂದಿನ ಪ್ರಸಂಗಗಳನ್ನು ನೋಡಿ. 2008ರ ಡಿಸೆಂಬರ್ 28ರಂದು ಸ್ಟೋಕ್ ಸಿಟಿ ತಂಡ ವೆಸ್ಟ್ ಹ್ಯಾಮ್ ವಿರುದ್ಧ ಮುಂದಿತ್ತು. ಎದುರಾಳಿಗಳು ಸಮಗೊಳಿಸುವ ಗೋಲು ಹೊಡೆದದ್ದೇ ತಡ, ಸ್ಟೋಕ್‌ನ ರಿಕಾರ್ಡೊ ಫುಲ್ಲರ್ ತನ್ನ ನಾಯಕ ಆಂಡಿ ಗ್ರಿಫಿನ್ ಕೆನ್ನೆಗೆ ಹೊಡೆದು ಹೊರಬಿದ್ದ. ತಂಡ 2-1ರಿಂದ ಸೋತಿತು. ಅದಕ್ಕೂ ಮುಂಚೆ, 2005ರ ಏಪ್ರಿಲ್ 2ರಂದು, ನ್ಯೂಕಾಸಲ್‌ನ ಕಥೆ ಇನ್ನೂ ಕೆಟ್ಟದು. ಆಸ್ಟನ್ ವಿಲ್ಲಾ ಎದುರು ಸ್ವಂತ ಮೈದಾನದಲ್ಲಿ 3-0ರಿಂದ ಹಿಂದೆ ಬಿದ್ದಿದ್ದಾಗ ಲೀ ಬೋಯರ್ ಮತ್ತು ಕೀರನ್ ಡೈಯರ್ ಪರಸ್ಪರ ಗುದ್ದಾಡಿದರು. ನನಗೆ ಚೆಂಡು ಪಾಸ್ ಮಾಡುತ್ತಿಲ್ಲ ಎಂಬುದು ಬೋಯರ್‌ನ ದೂರು. ಬೋಯರ್‌ನನ್ನು ಹಿಡಿದೆಳೆದವನು ಎದುರಾಳಿ ತಂಡದ ಗ್ಯಾರೆತ್ ಬ್ಯಾರಿ! ಇಬ್ಬರಿಗೂ ಕೆಂಪು ಕಾರ್ಡು. ಇನ್ನೊಬ್ಬ ಮೊದಲೇ ಹೊರಹೋಗಿದ್ದರಿಂದ ನ್ಯೂಕಾಸಲ್ ಎಂಟೇ ಜನರೊಂದಿಗೆ ಆಟ ಮುಗಿಸಿತು. ಕ್ಲಬ್ಬು ಬೋಯರ್‌ನ ಆರು ವಾರದ ಸಂಬಳ ಕಡಿಯಿತು. 2006ರಲ್ಲಿ ನ್ಯಾಯಾಲಯವೂ ಅವನಿಗೆ ದಂಡ ಹಾಕಿತು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ನಮ್ಮ ಹಿರಿಯರು ಕೇಳುತ್ತಿದ್ದರಲ್ಲ, ಅದು ಇಂಥವರಿಗೇ.

ಇನ್ನು 1995ರ ನವೆಂಬರಿನಲ್ಲಿ ಮಾಸ್ಕೋದಲ್ಲಿ ನಡೆದದ್ದು ನೇರವಾಗಿ ನನ್ನ ಕಸುಬಿಗೆ ಸೇರಿದ್ದು. ಇಂಗ್ಲೆಂಡಿನ ಚಾಂಪಿಯನ್ನರಾಗಿದ್ದ ಬ್ಲ್ಯಾಕ್‌ಬರ್ನ್ ರೋವರ್ಸ್ ತಂಡದ ಗ್ರೇಮ್ ಲೆ ಸೋ ಮತ್ತು ಡೇವಿಡ್ ಬ್ಯಾಟಿ ಒಂದೇ ಚೆಂಡಿಗೆ ಓಡಿ ಡಿಕ್ಕಿ ಹೊಡೆದರು. ಮಾತಿಗೆ ಮಾತು ಬೆಳೆಯಿತು, ಲೆ ಸೋ ಗುದ್ದಿದ. ಮೂಳೆ ಮುರಿದದ್ದು ಗುದ್ದಿಸಿಕೊಂಡವನದ್ದಲ್ಲ, ಗುದ್ದಿದವನ ಕೈಯದು. ತಂಡ ಸ್ಪಾರ್ಟಕ್ ಎದುರು 3-0ರಿಂದ ಸೋತಿತು.

ಎದುರಾಳಿಯ ಮೇಲೆ ಬಾರದ ಸಿಟ್ಟು ಜೊತೆಯವನ ಮೇಲೆ ಏಕೆ ಬರುತ್ತದೆ? ಎದುರಾಳಿಯಿಂದ ನಾವು ಏನನ್ನೂ ನಿರೀಕ್ಷಿಸುವುದಿಲ್ಲ. ಅವನು ಮೋಸ ಮಾಡಿದರೂ ಅದು ಅವನ ಕೆಲಸ. ಜೊತೆಯವನು ಪಾಸ್ ಕೊಡದಿದ್ದರೆ ಮಾತ್ರ ‘ನನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲ’ ಎಂಬ ಅವಮಾನ ಚುಚ್ಚುತ್ತದೆ. ಮನೆಯಲ್ಲೂ ಹಾಗೆಯೇ ಅಲ್ಲವೇ? ಆಫೀಸಿನಲ್ಲಿ ಸಾಹೇಬರು ಬೈದರೆ ನುಂಗಿಕೊಳ್ಳುವ ಗಂಡಸು, ಸಾರಿಗೆ ಉಪ್ಪು ಕಡಿಮೆಯಾದದ್ದಕ್ಕೆ ತಟ್ಟೆ ತಳ್ಳುತ್ತಾನೆ.

ಇದು ಮನಸ್ಸಿನ ಮಾತಾಯಿತು. ದೇಹದ ಲೆಕ್ಕ ಬೇರೆಯೇ ಇದೆ. ಪಂದ್ಯದ ಬಿಸಿಯಲ್ಲಿರುವ ಆಟಗಾರನ ನಾಡಿ ನಿಮಿಷಕ್ಕೆ 160-170ರ ಆಸುಪಾಸಿನಲ್ಲಿ ಬಡಿಯುತ್ತಿರುತ್ತದೆ. ಮೂತ್ರಪಿಂಡದ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿ ಅಡ್ರಿನಾಲಿನ್ ಹಾರ್ಮೋನನ್ನು ರಕ್ತಕ್ಕೆ ಸುರಿಯುತ್ತಿರುತ್ತದೆ. ಉಸಿರು ಜೋರು, ಸ್ನಾಯು ಬಿಗಿ, ಮೈ ಬೆವರು. ಸಿಟ್ಟು ಬಂದಾಗ ದೇಹದಲ್ಲಿ ಆಗುವುದೂ ಹೆಚ್ಚು ಕಡಿಮೆ ಇದೇ! ಓಟದಿಂದ ಎದ್ದ ಕಾವು ಯಾವುದು, ಕೋಪದಿಂದ ಎದ್ದದ್ದು ಯಾವುದು ಎಂದು ಮಿದುಳು ಆ ಗಳಿಗೆಯಲ್ಲಿ ಬಿಡಿಸಿ ನೋಡುವುದಿಲ್ಲ. ಎರಡನ್ನೂ ಕೂಡಿಸಿ ಎದುರಿಗೆ ನಿಂತವನ ಲೆಕ್ಕಕ್ಕೆ ಬರೆಯುತ್ತದೆ. ಡಾಲ್ಫ್ ಜಿಲ್ಮನ್ ಎಂಬ ಮನೋವಿಜ್ಞಾನಿ 1970ರ ದಶಕದಲ್ಲೇ ಇದನ್ನು ಪ್ರಯೋಗಗಳಿಂದ ತೋರಿಸಿದ್ದರು. ವ್ಯಾಯಾಮದ ಕಾವು ಆರುವ ಮುನ್ನ ಕೆಣಕಿಸಿಕೊಂಡವರು, ಹಾಗೇ ಕುಳಿತಿದ್ದವರಿಗಿಂತ ಹೆಚ್ಚು ಕಟುವಾಗಿ ಪ್ರತೀಕಾರ ತೀರಿಸಿಕೊಂಡರು.

ಈ ಒಂದು ವಿಷಯವನ್ನು ಮನೆಮಂದಿ ನೆನಪಿಡುವುದು ಒಳ್ಳೆಯದು. ಎರಡು ಬಸ್ಸು ಬದಲಿಸಿ, ಮೂರು ಮಹಡಿ ಹತ್ತಿ, ಬೆವರು ಸುರಿಸುತ್ತ ಬಂದ ಯಜಮಾನರ ಕೈಗೆ ಮಗನ ಅಂಕಪಟ್ಟಿ ಕೊಡಬೇಡಿ. ಕಾಫಿ ಕುಡಿದು ಅರ್ಧ ಗಂಟೆಯಾಗಲಿ. ಅಂಕಗಳು ಎಲ್ಲಿಗೂ ಓಡಿಹೋಗುವುದಿಲ್ಲ.

‘ಆದರೂ ಡಾಕ್ಟರೇ, ಸಿಟ್ಟನ್ನು ಒಳಗೇ ಇಟ್ಟುಕೊಂಡರೆ ಬಿ.ಪಿ. ಏರುತ್ತದಂತೆ, ಹೊರಗೆ ಹಾಕಿಬಿಡಬೇಕಂತೆ’ ಎನ್ನುವವರು ನನ್ನ ಬಳಿ ಬಹಳ ಮಂದಿ ಬರುತ್ತಾರೆ. ಪ್ರೆಷರ್ ಕುಕ್ಕರಿನ ಸೀಟಿಯ ಉದಾಹರಣೆಯನ್ನೂ ಕೊಡುತ್ತಾರೆ. ಮನುಷ್ಯ ಕುಕ್ಕರ್ ಅಲ್ಲ. ಅಮೆರಿಕದ ಒಹಾಯೊ ವಿಶ್ವವಿದ್ಯಾಲಯವೊಂದರ ಸಂಶೋಧಕರು 154 ಅಧ್ಯಯನಗಳನ್ನು, ಅಂದರೆ ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2024ರಲ್ಲಿ ಪ್ರಕಟಿಸಿದ ವರದಿ ಈ ನಂಬಿಕೆಯ ಬುಡಕ್ಕೇ ಕೊಡಲಿ ಹಾಕಿತು. ದಿಂಬಿಗೆ ಗುದ್ದುವುದು, ಕಿರುಚುವುದು ಮುಂತಾದ ದೇಹದ ಕಾವು ಏರಿಸುವ ಉಪಾಯಗಳಿಂದ ಕೋಪ ಇಳಿಯಲಿಲ್ಲ. ನಿಧಾನ ಉಸಿರಾಟ, ಧ್ಯಾನ, ಯೋಗ, ಸ್ನಾಯುಗಳನ್ನು ಸಡಿಲಿಸುವ ಅಭ್ಯಾಸ ಮುಂತಾದ ಕಾವು ಇಳಿಸುವ ಉಪಾಯಗಳಿಂದ ಇಳಿಯಿತು.

ಹಾಗೆಂದ ಮಾತ್ರಕ್ಕೆ ಬಾಯಿ ಹೊಲಿದುಕೊಂಡಿರಿ ಎಂದು ನಾನು ಹೇಳುತ್ತಿಲ್ಲ. ಜೊತೆಯವನ ತಪ್ಪನ್ನು ಮುಖಕ್ಕೇ ಹೇಳುವ ತಂಡ, ಹಿಂದೆ ಗೊಣಗುವ ತಂಡಕ್ಕಿಂತ ಮೇಲು. 2020ರ ಜುಲೈ 6ರಂದು ಟಾಟನ್‌ಹ್ಯಾಮ್ ತಂಡದ ನಾಯಕ, ಗೋಲ್‌ಕೀಪರ್ ಹ್ಯೂಗೊ ಲೋರಿಸ್, ವಿರಾಮದ ಸೀಟಿ ಬಿದ್ದೊಡನೆ ಸನ್ ಹ್ಯುಂಗ್‌ಮಿನ್ ಹಿಂದೆ ಓಡಿ ಹೋಗಿ ತಳ್ಳಿದ. ರಕ್ಷಣೆಗೆ ಓಡಿ ಬರಲಿಲ್ಲ ಎಂಬುದು ಅವನ ಆಕ್ಷೇಪ. ಜೊತೆಗಾರರು ನಡುವೆ ಬಂದರು. ಪಂದ್ಯ 1-0ರಿಂದ ಗೆದ್ದ ಮೇಲೆ ಇಬ್ಬರೂ ಅಪ್ಪಿಕೊಂಡರು. ಮ್ಯಾನೇಜರ್ ಜೋಸೆ ಮೊರಿನ್ಯೊ ಈ ಜಗಳವನ್ನು ಮನಸಾರೆ ಹೊಗಳಿದರು. ಆದರೆ ಆ ಜಗಳವನ್ನು ಉಳಿಸಿದ್ದು ಗಡಿಯಾರ ಎಂದು ನನಗೆ ತೋರುತ್ತದೆ. ಅದು ನಡೆದದ್ದು ವಿರಾಮದ ಹೊತ್ತಿನಲ್ಲಿ. ಹದಿನೈದು ನಿಮಿಷ ಕುಳಿತು ನೀರು ಕುಡಿಯುವ ಹೊತ್ತಿಗೆ ನಾಡಿ ಇಳಿದಿರುತ್ತದೆ. 13ನೇ ನಿಮಿಷದಲ್ಲಿ ಜಗಳವಾಡಿದ ಗೆಯೆಗೆ ಆ ಸೌಲಭ್ಯವಿರಲಿಲ್ಲ.

ಆದ್ದರಿಂದ ಜಗಳದ ಔಷಧಿ ಮೊದಲ ಕೆಲವು ನಿಮಿಷಗಳಲ್ಲೇ ಇದೆ, ಅದನ್ನು ಕೊಡಬೇಕಾದವನು ಮೂರನೆಯವನು. ಗೆಯೆಯನ್ನು ಹಿಡಿದು ದೂರ ತಳ್ಳಿಕೊಂಡು ಹೋದವನು ಗೋಲ್‌ಕೀಪರ್ ಜೋರ್ಡನ್ ಪಿಕ್‌ಫರ್ಡ್. ಆಗ ‘ಯಾರದು ತಪ್ಪು’ ಎಂದು ಪಂಚಾಯಿತಿ ಕಟ್ಟೆ ಹತ್ತಬಾರದು, ‘ಸಮಾಧಾನ, ಸಮಾಧಾನ’ ಎಂದು ಕೂಗಲೂಬಾರದು. ಒಬ್ಬನನ್ನು ಇನ್ನೊಬ್ಬನ ಕಣ್ಣಿನಿಂದ ಮರೆ ಮಾಡಿ, ನೀರು ಕೊಟ್ಟು ಕೂರಿಸಿದರೆ ಸಾಕು. ಬೇಸಿಗೆ ಶಿಬಿರಗಳಲ್ಲಿ ಮಕ್ಕಳಿಗೆ ಆಟ ಕಲಿಸುವವರು, ಶಾಲೆಯ ಪಿ.ಟಿ. ಮೇಷ್ಟರುಗಳು ಇದನ್ನು ರೂಢಿ ಮಾಡಿಕೊಳ್ಳಬೇಕು. ಜೊತೆಗೆ ನಿಯಮವನ್ನೂ ಮಕ್ಕಳಿಗೆ ಹೇಳಿಕೊಡಲಿ. ಜೊತೆಯವನಿಗೆ ಹೊಡೆದರೂ ಕೆಂಪು ಕಾರ್ಡೇ. 2016ರ ತಿದ್ದುಪಡಿಯ ನಂತರ, ಚೆಂಡು ಆಟದಲ್ಲಿರುವಾಗ ತನ್ನ ಪೆನಾಲ್ಟಿ ಆವರಣದೊಳಗೆ ತನ್ನವನಿಗೇ ಹೊಡೆದರೆ ಎದುರಾಳಿಗೆ ಪೆನಾಲ್ಟಿ ಕಿಕ್ ಸಿಗುತ್ತದೆ. ಈ ನಿಯಮ ಹೇಳಿದರೆ ಹುಡುಗರು ಬಾಯಿ ಬಿಟ್ಟು ಕೇಳುತ್ತಾರೆ.

ನೋಡುವವರ ಪಾಡೇನು? 2006ರಲ್ಲಿ ಜರ್ಮನಿಯಲ್ಲಿ ವಿಶ್ವಕಪ್ ನಡೆದಾಗ ಮ್ಯೂನಿಕ್ ಪ್ರದೇಶದ ವೈದ್ಯರು ಲೆಕ್ಕವಿಟ್ಟರು. ಜರ್ಮನಿ ಆಡಿದ ದಿನಗಳಲ್ಲಿ ಹೃದಯದ ತುರ್ತು ಪ್ರಕರಣಗಳು ಬೇರೆ ದಿನಗಳಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚಾಗಿದ್ದವು. ಸಿಟ್ಟು ಸ್ಫೋಟಿಸಿದ ನಂತರದ ಎರಡು ಗಂಟೆಗಳಲ್ಲಿ ಹೃದಯಾಘಾತದ ಅಪಾಯ ಸುಮಾರು ಐದು ಪಟ್ಟು ಏರುತ್ತದೆ ಎಂದು 2014ರಲ್ಲಿ ಹಾರ್ವರ್ಡ್ ಸಂಶೋಧಕರು ಕಂಡುಕೊಂಡರು. ಗಟ್ಟಿಮುಟ್ಟಾದ ಯುವಕನಿಗೆ ಒಂದು ಸಿಟ್ಟಿನಿಂದ ಬರುವ ಅಪಾಯ ತೀರ ಸಣ್ಣದು, ಹೆದರಬೇಕಿಲ್ಲ. ಸ್ಟೆಂಟ್ ಹಾಕಿಸಿಕೊಂಡವರು, ಬಿ.ಪಿ., ಸಕ್ಕರೆ ಕಾಯಿಲೆ ಇರುವವರು, ದಿನಕ್ಕೆ ನಾಲ್ಕು ಬಾರಿ ಸಿಟ್ಟಾಗುವವರು ಮಾತ್ರ ಲೆಕ್ಕ ಹಾಕಿಕೊಳ್ಳಬೇಕು. ಪಂದ್ಯದ ರಾತ್ರಿ ಮಾತ್ರೆ ತಪ್ಪಿಸಬೇಡಿ. ಎದೆ ಬಿಗಿದು, ಬೆವರಿ, ಎಡಗೈಗೋ ದವಡೆಗೋ ನೋವು ಹರಿದರೆ ಗ್ಯಾಸ್ ಎಂದುಕೊಂಡು ಸೋಡಾ ಕುಡಿಯದೆ ಆಸ್ಪತ್ರೆಗೆ ಹೊರಡಿ.

ಈಗ ಕೈ ಎತ್ತಿದ ಮೇಲಿನ ಮಾತು. ಗುದ್ದಿದವನ ಕಿರುಬೆರಳಿನ ಬುಡದ ಗೆಣ್ಣು ಒಳಗೆ ಕುಸಿದಂತೆ ಕಂಡರೆ, ಅಂಗೈಯ ಮೂಳೆ ಮುರಿದಿದೆ ಎಂದೇ ತಿಳಿಯಿರಿ. ಎಣ್ಣೆ ಹಚ್ಚಿ ತಿಕ್ಕಿಸಬೇಡಿ. ಊತ ಏರುವ ಮುನ್ನ ಉಂಗುರ ತೆಗೆದು ಎಕ್ಸ್‌ರೇ ಮಾಡಿಸಿ. ಮುಷ್ಟಿ ಮಡಿಸಿದಾಗ ಆ ಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂರುವುದಾದರೆ ಮೂಳೆ ತಿರುಚಿದೆ, ತಡ ಮಾಡುವಂತಿಲ್ಲ.

ಇದಕ್ಕಿಂತ ಅಪಾಯದ್ದು ಗೆಣ್ಣಿನ ಮೇಲಿನ ಸಣ್ಣ ಗಾಯ. ಗುದ್ದಿದಾಗ ಎದುರಿನವನ ಹಲ್ಲು ತಾಗಿ ಅಕ್ಕಿಕಾಳಿನಷ್ಟು ಸೀಳಿರುತ್ತದೆ. ಹುಡುಗ ‘ಬಾಗಿಲಿಗೆ ತಗುಲಿತು’ ಎನ್ನುತ್ತಾನೆ, ತಾಯಿ ಅರಿಶಿನ ಮೆತ್ತುತ್ತಾಳೆ. ಮನುಷ್ಯನ ಬಾಯಿಯಲ್ಲಿರುವ ರೋಗಾಣುಗಳು ಕಡಿಮೆ ತರದವಲ್ಲ. ಮುಷ್ಟಿ ಬಿಚ್ಚಿದಾಗ ಚರ್ಮ ಸರಿದು ಅವು ಕೀಲಿನೊಳಗೇ ಸಿಕ್ಕಿಕೊಳ್ಳುತ್ತವೆ. ಒಂದೆರಡು ದಿನದಲ್ಲಿ ಕೀವು ತುಂಬಿ, ಬೆರಳು ಶಾಶ್ವತವಾಗಿ ಮರಗಟ್ಟಿದವರಿದ್ದಾರೆ. ನಲ್ಲಿಯ ನೀರು, ಸೋಪಿನಿಂದ ಚೆನ್ನಾಗಿ ತೊಳೆದು ಅದೇ ದಿನ ವೈದ್ಯರಿಗೆ ತೋರಿಸಿ. ಮುಖ್ಯವಾಗಿ, ಅವರಿಗೆ ನಿಜ ಹೇಳಿ. ಬಾಗಿಲಿನ ಗಾಯಕ್ಕೆ ಕೊಡುವ ಚಿಕಿತ್ಸೆ ಬೇರೆ, ಹಲ್ಲಿನ ಗಾಯಕ್ಕೆ ಕೊಡುವುದು ಬೇರೆ. ಇಂಥ ಗಾಯವನ್ನು ಸಾಮಾನ್ಯವಾಗಿ ಹೊಲಿಗೆ ಹಾಕಿ ಮುಚ್ಚುವುದಿಲ್ಲ.

ಕೆನ್ನೆಯ ಏಟಂತೂ ಮೈದಾನಕ್ಕಿಂತ ನಮ್ಮ ಮನೆಗಳಲ್ಲೇ ಹೆಚ್ಚು. ತೆರೆದ ಅಂಗೈ ಸ್ವಲ್ಪ ಹಿಂದೆ ಸರಿದು ಕಿವಿಯ ಮೇಲೆ ಬಿದ್ದರೆ, ಕಿವಿಯ ನಾಳದಲ್ಲಿದ್ದ ಗಾಳಿ ಒಮ್ಮೆಲೇ ಒತ್ತಲ್ಪಟ್ಟು ತಮಟೆ ಹರಿಯುತ್ತದೆ. ಮಗು ಕಿವಿಯಲ್ಲಿ ‘ಗುಂಯ್’ ಎನ್ನುತ್ತಿದೆ, ಸರಿಯಾಗಿ ಕೇಳುತ್ತಿಲ್ಲ ಎಂದರೆ ನಾಟಕವೆನ್ನಬೇಡಿ. ನಮ್ಮಲ್ಲಿ ತಕ್ಷಣ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುವ ಅಭ್ಯಾಸವಿದೆ. ಹರಿದ ತಮಟೆಯ ಮೂಲಕ ಅದು ನಡುಗಿವಿಗೆ ಇಳಿದು ಸೋಂಕಿಗೆ ದಾರಿ ಮಾಡುತ್ತದೆ. ಎಣ್ಣೆ, ನೀರು, ಅಂಗಡಿಯಿಂದ ತಂದ ಹನಿಮದ್ದು ಯಾವುದೂ ಬೇಡ. ಸ್ನಾನ ಮಾಡಿಸುವಾಗ ವ್ಯಾಸಲೀನ್ ಸವರಿದ ಹತ್ತಿಯನ್ನು ಕಿವಿಯ ಬಾಯಿಗಿಟ್ಟು ನೀರು ಹೋಗದಂತೆ ನೋಡಿಕೊಳ್ಳಿ. ಮೂಗನ್ನು ಜೋರಾಗಿ ಸೀಟಲು ಬಿಡಬೇಡಿ, ಕಿವಿಯ ವೈದ್ಯರಿಗೆ ತೋರಿಸಿ. ತಲೆಸುತ್ತು ಬಂದರೆ, ಕಿವಿ ಸೋರಿದರೆ ಅದೇ ದಿನ ಹೋಗಿ. ಬಹುತೇಕ ತೂತುಗಳು ಕೆಲವು ವಾರಗಳಲ್ಲಿ ತಾವಾಗಿಯೇ ಕೂಡಿಕೊಳ್ಳುತ್ತವೆ. ಎರಡು ಮೂರು ತಿಂಗಳಾದರೂ ಕೂಡದಿದ್ದರೆ ತೇಪೆ ಹಾಕುವ ಶಸ್ತ್ರಚಿಕಿತ್ಸೆ ಇದೆ.