ಕೂಡಲಿನಲ್ಲಿ ಕೂಡದ ಬೀದಿ

ತಿ. ನರಸೀಪುರದಲ್ಲಿ ಕಾವೇರಿ ಕಪಿಲೆ ಕೂಡುತ್ತವೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಬಂದು ಕೂಡುತ್ತದಂತೆ. ಕೂಡದೆ ಉಳಿದಿರುವುದು ಬೀದಿ.

ನಮ್ಮಣ್ಣ ಅಲ್ಲೊಂದು ಮನೆಗೆ ಕರಾರು ಬರೆಸಿದ. ಮುಂಗಡ ಕೊಟ್ಟ. ಬ್ಯಾಂಕಿನ ಸಾಲವೂ ಮಂಜೂರಾಯಿತು. ನೋಂದಣಿಯ ದಿನ ಬೆಳಿಗ್ಗೆ ಮಾಲೀಕರು ದುಡ್ಡಿನ ಕಟ್ಟು ಹಿಡಿದೇ ಬಂದರು: 'ತಪ್ಪು ತಿಳ್ಕಬ್ಯಾಡಿ, ಬೀದಿಯವ್ರು ಒಪ್ತಾ ಇಲ್ಲ.' ತಿಂಗಳ ಹಿಂದೆ ಒಪ್ಪಿದ್ದ ಬೀದಿ! ನಡುವೆ ಯಾರೋ ನಮ್ಮ ಕೇರಿ ಯಾವುದೆಂದು ವಿಚಾರಿಸಿಕೊಂಡು ಹೋಗಿದ್ದರು, ಅಷ್ಟೆ. ಹಾಲುಕ್ಕಿಸಲು ಅವ್ವ ಕೊಂಡಿದ್ದ ಹೊಸ ಪಾತ್ರೆ ಅಟ್ಟ ಸೇರಿತು.

ಅಣ್ಣ ದುಡ್ಡು ಇಸ್ಕೊಂಡು ಸುಮ್ಮನಾದ. ನನ್ನ ಸಿಟ್ಟು ಅದಕ್ಕೇ. ಗೆಳೆಯರೇ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಬಂದಿದೆ. ಕರಾರಿನಂತೆ ಮನೆ ಬರೆಸಿಕೊಡುವುದು ಈಗ ಬರೀ ನ್ಯಾಯಾಧೀಶರ ಮರ್ಜಿಯಲ್ಲ. ಬಾಕಿ ಹಣ ಸಿದ್ಧವಿದೆಯೆಂದು ನೋಟಿಸು ಕೊಡಿ. ನೋಂದಣಿಗೆ ಗೊತ್ತುಮಾಡಿದ ದಿನದಿಂದ 3 ವರ್ಷದೊಳಗೆ ದಾವೆ ಹೂಡಿ. ಮುಂಗಡ ವಾಪಸ್ಸು ಇಸ್ಕೊಂಡಿರೋ, ಕರಾರು ನೀವೇ ಬಿಟ್ಟುಕೊಟ್ಟಿರಿ ಅಂತ ಎದುರು ವಕೀಲ ಎದ್ದು ನಿಲ್ತಾನೆ.

ಕೋರ್ಟು ನಮ್ಮಪ್ಪನ ಮನೆಯೇನಲ್ಲ. ಒಂದೇ ಜನಾಂಗದ ಗೃಹ ಸಹಕಾರ ಸಂಘ ಹೊರಗಿನವರನ್ನು ಸೇರಿಸಿಕೊಳ್ಳದ ನಿಯಮ ಮಾಡಿಕೊಂಡರೆ, ಅದು ಸರಿಯೆಂದು 2005ರಲ್ಲಿ ಹೇಳಿದ್ದು ಸುಪ್ರೀಂ ಕೋರ್ಟೇ. ಆದರೆ ನಮ್ಮಣ್ಣನ ಎದುರಿಗಿದ್ದದ್ದು ಸಂಘವೂ ಅಲ್ಲ, ನಿಯಮವೂ ಅಲ್ಲ. ರುಜು ಹಾಕಿದ್ದ ಒಬ್ಬ ಮನುಷ್ಯ, ಮತ್ತು ಎಲ್ಲಿಯೂ ರುಜು ಹಾಕದೆ ಗೆದ್ದ ಒಂದು ಬೀದಿ.

ಆ ಬಾಗಿಲಲ್ಲಿ 'ಮಾರಾಟಕ್ಕಿದೆ' ಹಲಗೆ ಮತ್ತೆ ತೂಗುತ್ತಿದೆ. ಈ ಸಲ ಕೇಳಲು ನಾನು ಹೋಗುತ್ತೇನೆ, ಕೇರಿಯ ಹೆಸರು ಮೊದಲೇ ಹೇಳಿ.